ಉಪ್ಪಿನಕಾಯಿ, ಜಾಮ್ ಜಾರ್ ತೊಳೆದರೂ ಸ್ವಚ್ಛ ಆಗ್ತಿಲ್ವಾ? ತಿಕ್ಕುವ ಮೊದಲು ಲಕ್ಷಣ ನೋಡಿ

ಮೇ ತಿಂಗಳ ಕೊನೆ ವಾರ ನಮ್ಮ ಶಿರಸಿ ಕಡೆಯ ಅಡುಗೆಮನೆಗಳಲ್ಲಿ ಗಾಜಿನ ಜಾರ್‌ಗಳದ್ದೇ ರಾಜ್ಯ. ಅಪ್ಪೆಮಿಡಿ ಮಸಾಲೆ ಸೇರಿ ಜಾರ್‌ಗೆ ಇಳಿದಿರುತ್ತದೆ, ಮುರುಗಲು (ಕೋಕಂ) ಸಿಪ್ಪೆ ಸಕ್ಕರೆಯೊಳಗೆ ಕೂತು ಅಂಗಳದ ಬಿಸಿಲಿಗೆ ಕೆಂಪು ರಸ ಬಿಡ್ತಾ ಇರುತ್ತದೆ, ಅಂಕೋಲೆ ನೆಂಟರು ಕಳಿಸಿದ ಕರಿ ಈಶಾಡ ಮಾವಿನ ಹಣ್ಣಿನ ರಸ ಹಾಳಾಗುವ ಮೊದಲು ಕುದಿದು ಬಾಟ್ಲಿ ಸೇರಬೇಕು. ಮಳೆ ಹಿಡಿಯುವುದರೊಳಗೆ ಎಲ್ಲ ಮುಗಿಯಬೇಕು. ಹಾಗಾಗಿ ಜಾರ್ ತೊಳೆಯುವ ಕೆಲಸ ಯಾವಾಗಲೂ ಅವಸರದ್ದೇ.

ಹೋದ ವರ್ಷ ಇಂಥದ್ದೇ ಅವಸರದಲ್ಲಿ ಬಿಳಿ ಪೊರೆ ಕಟ್ಟಿದ್ದ ಆರು ಜಾರ್‌ಗಳನ್ನು ಸ್ಟೀಲ್ ಸ್ಕ್ರಬ್ ಹಾಕಿ ತಿಕ್ಕಿದೆ. ಪೊರೆ ಅರ್ಧಂಬರ್ಧ ಹೋಯಿತು. ಗಾಜಿನ ತುಂಬ ಕೂದಲೆಳೆಯಂಥ ಗೀರು ಬಿತ್ತು. ಮುಂದಿನ ಸಲ ಅವನ್ನೇ ಕುದಿಯುವ ನೀರಿಗೆ ಇಳಿಸಿದಾಗ ಎರಡು ಜಾರ್‌ಗಳ ತಳ ದುಂಡಗೆ ಕತ್ತರಿಸಿದ ಹಾಗೆ ಕಳಚಿ ಬಿತ್ತು. ಒಳಗಿದ್ದ ಜಾಮ್ ಎಲ್ಲ ನೀರುಪಾಲು. ಆ ಪೊರೆಗೆ ಅರ್ಧ ಲಿಂಬು ಸಾಕಾಗಿತ್ತು ಅಂತ ಗೊತ್ತಾದದ್ದು ಆಮೇಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಣ್ಣಿಗೆ ಏನು ಕಾಣುತ್ತಿದೆ, ಮೂಗಿಗೆ ಏನು ಬಡಿಯುತ್ತಿದೆ, ಬೆರಳಿಗೆ ಏನು ತಾಗುತ್ತಿದೆ ಅಂತ ಮೊದಲು ನೋಡಿ. ಸ್ಕ್ರಬ್ ಆಮೇಲೆ.

ಕೈ ಹಾಕುವ ಮೊದಲು

ಬಿಸಿ ಜಾರ್‌ಗೆ ತಣ್ಣೀರು ತಾಗಿಸಬೇಡಿ. ತುಂಬಿ, ಮುಚ್ಚಿ, ಕುದಿಸಿ ತೆಗೆದ ಜಾರ್‌ಗಳನ್ನು ದಪ್ಪ ಬಟ್ಟೆ ಹಾಸಿ ಅದರ ಮೇಲೆ, ಒಂದಕ್ಕೊಂದು ತಾಗದ ಹಾಗೆ, ಗಾಳಿ ಬೀಸದ ಕಡೆ ಇಡಿ. 12ರಿಂದ 24 ತಾಸು ಸುಮ್ನೆ ಬಿಡಿ. ಒರೆಸುವುದು, ತೊಳೆಯುವುದು ಎಲ್ಲ ಅದಾದ ಮೇಲೆ. ಕಪ್ಪುಗಲ್ಲಿನ ಕಟ್ಟೆ, ಸ್ಟೀಲ್ ಸಿಂಕ್ ಮೇಲೆ ನೇರ ಇಡುವುದೂ ಬೇಡ, ಅವು ತಣ್ಣೀರಿನ ಹಾಗೇ ತಳವನ್ನು ಒಮ್ಮೆಲೇ ತಂಪು ಮಾಡುತ್ತವೆ.

ಎರಡನೆಯದು ಜೀವಕ್ಕೆ ಸಂಬಂಧಪಟ್ಟ ಮಾತು. ಬ್ಲೀಚ್ ಜೊತೆ ವಿನೆಗರ್ ಆಗಲಿ, ಲಿಂಬುರಸ ಆಗಲಿ, ಬಚ್ಚಲು ತೊಳೆಯುವ ಆಸಿಡ್ ಆಗಲಿ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಮಳೆಗಾಲದ ಅಡುಗೆಮನೆಯಲ್ಲಿ ಅದು ತುಂಬಾ ಅಪಾಯ. ಗೊತ್ತಿಲ್ಲದೆ ಸೇರಿಹೋಗಿ ಕಣ್ಣುರಿ, ಕೆಮ್ಮು ಶುರುವಾದರೆ ಪಾತ್ರೆ ಅಲ್ಲೇ ಬಿಟ್ಟು ಹೊರಗೆ ಬನ್ನಿ. ಉಸಿರು ಎಳೆಯಲು ಕಷ್ಟ ಆದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಜಾರ್‌ನ ಹೊರಗೆ ಅಂಟಂಟು, ಇರುವೆ ಸಾಲು

ಇದು ಎಲ್ಲಕ್ಕಿಂತ ಸುಲಭದ್ದು. ಕುದಿಯುವಾಗ ಒಳಗಿನ ಪಾಕ ಸ್ವಲ್ಪ ಉಕ್ಕಿ ಮುಚ್ಚಳದ ಸಂದಿಯಿಂದ ಹೊರಗೆ ಬಂದಿರುತ್ತದೆ. ಕುತ್ತಿಗೆ ತನಕ ತುಂಬಿದರೆ ಹೀಗಾಗುವುದು ಜಾಸ್ತಿ. ಜಾಮ್‌ಗೆ ಮೇಲೆ ಸುಮಾರು 6 ಮಿಲಿಮೀಟರ್, ಹಣ್ಣಿನ ಹೋಳು ಅಥವಾ ರಸಕ್ಕೆ 12 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಕಿರುಬೆರಳ ಅಗಲದಷ್ಟು ಜಾಗ ಬಿಡಬೇಕು.

ಜಾರ್ ಪೂರ್ತಿ ತಣಿದ ಮೇಲೆ ಮುಚ್ಚಳದ ನಡುವೆ ಹೆಬ್ಬೆರಳಿನಿಂದ ಒತ್ತಿ. ಅಲುಗದೆ ಒಳಗೆ ಕುಳಿ ಬಿದ್ದು ನಿಂತಿದ್ದರೆ ಮುಚ್ಚಳ ಹಿಡಿದಿದೆ ಎಂದರ್ಥ. ಹಾಗಿದ್ದರೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಬಟ್ಟೆ ಅದ್ದಿ ಹೊರಗೆ ಒರೆಸಿ, ಸುರುಳಿ ಇರುವ ಕಡೆ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿ, ಒಣಗಿಸಿ ಇಡಿ. ಎರಡು ತುಂಡಿನ ಮುಚ್ಚಳ ಆದರೆ ಹೊರಗಿನ ಉಂಗುರ ಬಿಚ್ಚಿ ತೊಳೆಯಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಇರುವ ಒಂದೇ ತುಂಡಿನ ಮುಚ್ಚಳವನ್ನು ಮಾತ್ರ ತೊಳೆಯುವ ನೆಪದಲ್ಲಿ ಸಡಿಲ ಮಾಡಬೇಡಿ. ಒಮ್ಮೆ ತಿರುಗಿಸಿದರೆ ಹಿಡಿತ ಹೋಯಿತು.

ಒತ್ತಿದಾಗ ಟಿಕ್ ಟಿಕ್ ಅಂತ ಮೇಲೆ ಕೆಳಗೆ ಆಡುತ್ತಿದ್ದರೆ ಮುಚ್ಚಳ ಹಿಡಿದಿಲ್ಲ. ಮಾಡಿ ಇನ್ನೂ ಒಂದು ದಿನ ಆಗಿಲ್ಲ ಅಂದರೆ ಫ್ರಿಜ್‌ನಲ್ಲಿಟ್ಟು ಬೇಗ ಖಾಲಿ ಮಾಡಿ. ಆದರೆ ಚೆನ್ನಾಗಿ ಒರೆಸಿಟ್ಟ ಜಾರ್ ವಾರ ಬಿಟ್ಟು ಮತ್ತೆ ಅಂಟು ಆಗಿದ್ದರೆ ಅದು ಹಳೆ ಪಾಕ ಅಲ್ಲ, ಈಗ ಸೋರುತ್ತಿರುವುದು. ಅಂಥದ್ದನ್ನು ತೊಳೆಯಲು ಹೋಗದೆ ಕೊನೆಯ ಭಾಗ ಓದಿ.

ಗಾಜಿನ ಮೇಲೆ ಬಿಳಿ ಪೊರೆ

ಜನ ಜಾಸ್ತಿ ತಿಕ್ಕಿ ಹಾಳು ಮಾಡುವುದು ಇದನ್ನೇ. ಬಿಳಿ ಪೊರೆ ಮೂರು ಬಗೆ. ಕಣ್ಣಿಗೆ ಮೂರೂ ಒಂದೇ. ಮದ್ದು ಬೇರೆ ಬೇರೆ.

ಮೊದಲು ಬರೀ ನೀರು ಹಚ್ಚಿ ಒಂದು ನಿಮಿಷ ಬಿಟ್ಟು ಬೆರಳಾಡಿಸಿ. ಕರಗಿ ಹೋದರೆ ಅದು ಉಪ್ಪು. ಉಪ್ಪುನೀರಿನ ಮಾವಿನಕಾಯಿ, ಉಪ್ಪಿಗೆ ಹಾಕಿದ ಹಲಸಿನ ಸೊಳೆ ಇಟ್ಟ ಜಾರ್‌ಗಳಲ್ಲಿ ಬಾಯಿಯ ಸುತ್ತ ಹೀಗೆ ಕಾಣುತ್ತದೆ. ಚಿಂತೆ ಇಲ್ಲ, ತೊಳೆದು ಮುಂದೆ ಹೋಗಿ.

ಕರಗಲಿಲ್ಲ ಅಂದರೆ ಪೊರೆಯ ಮೇಲೆ ಒಂದು ಕಡೆ ಎರಡು ಹನಿ ಲಿಂಬುರಸ ಅಥವಾ ವಿನೆಗರ್ ಬಿಡಿ. ಜಾರನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾ ಇರಿ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಲ್ಲಲ್ಲಿ ಏಳುತ್ತವೆ, ಐದು ನಿಮಿಷಕ್ಕೆ ಹನಿ ಬಿದ್ದ ಜಾಗ ಮಾತ್ರ ದುಂಡಗೆ ತಿಳಿಯಾಗಿ ಸುತ್ತಲಿನ ಗಾಜು ಮಂಕಾಗೇ ಉಳಿಯುತ್ತದೆ. ಹೀಗಾದರೆ ಅದು ಗಡಸು ನೀರಿನ ಸುಣ್ಣ. ಬೋರ್ ನೀರಿನಲ್ಲಿ ಜಾರ್ ಕುದಿಸಿದ ಮನೆಗಳಲ್ಲಿ ಇದು ಸಾಮಾನ್ಯ, ಅದೇ ನೀರು ಕಾಯಿಸುವ ಪಾತ್ರೆಯ ತಳದಲ್ಲೂ ಬಿಳಿ ಚಕ್ಕೆ ಕಟ್ಟಿರುತ್ತದೆ, ನೋಡಿ. ಒಂದು ಲೀಟರ್ ನೀರಿಗೆ 60 ಮಿಲಿ ವಿನೆಗರ್ ಸೇರಿಸಿ ಜಾರ್‌ಗಳನ್ನು ಮುಳುಗಿಸಿ ರಾತ್ರಿ ಬಿಡಿ. ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ವಿನೆಗರ್ ಇಲ್ಲದಿದ್ದರೆ ತಾಮ್ರದ ತಂಬಿಗೆ ತಿಕ್ಕಲು ಎತ್ತಿಟ್ಟ ಮುರುಗಲು ಸಿಪ್ಪೆಯೂ ನಡೆಯುತ್ತದೆ. ಹುಳಿ ಇದ್ದರೆ ಆಯಿತು. ಮುಂದಿನ ಸಲ ಜಾರ್ ಕುದಿಸುವ ನೀರಿಗೇ ಎರಡು ದೊಡ್ಡ ಚಮಚ ವಿನೆಗರ್ ಹಾಕಿಬಿಡಿ, ಪೊರೆ ಕಟ್ಟುವುದೇ ಇಲ್ಲ.

ಹುಳಿ ಹಾಕಿದರೂ ಏನೂ ಆಗದೆ, ಬೆಳಕಿಗೆ ಹಿಡಿದಾಗ ನೀರಿನ ಮೇಲೆ ಎಣ್ಣೆ ಬಿದ್ದಂಥ ಕಾಮನಬಿಲ್ಲಿನ ಬಣ್ಣ ತೆಳ್ಳಗೆ ಕಂಡರೆ, ಗಾಜೇ ಸವೆದಿದೆ. ಕ್ಷಾರ ಜಾಸ್ತಿ ಇರುವ ತೊಳೆಯುವ ಪುಡಿ, ಬಿಸಿ ಸೋಡಾ ನೀರು, ಪಾತ್ರೆ ತೊಳೆಯುವ ಮೆಷಿನ್ ಇವುಗಳಲ್ಲಿ ವರ್ಷಗಟ್ಟಲೆ ತೊಳೆದರೆ ಹೀಗಾಗುತ್ತದೆ. ಅದು ಕೊಳೆ ಅಲ್ಲ, ಯಾವುದರಿಂದಲೂ ಹೋಗುವುದಿಲ್ಲ. ಇಲ್ಲಿ ನಿಲ್ಲಿಸಿ. ಅಂಥ ಜಾರ್‌ನಲ್ಲಿ ಸಕ್ಕರೆ, ಬೇಳೆ, ವಾಟೆಹುಳಿ ಇಟ್ಟುಕೊಳ್ಳಿ. ಕುದಿಯುವ ನೀರಿಗೆ ಇಳಿಸುವುದು ಬೇಡ.

ಎಣ್ಣೆ ಜಿಡ್ಡು, ಸೊನೆ, ಹಲಸಿನ ಮೇಣ

ಉಪ್ಪಿನಕಾಯಿ ಜಾರ್‌ಗೆ ಮೊದಲೇ ನೀರು ಹಾಕಬೇಡಿ. ಎಣ್ಣೆ ಎಲ್ಲ ಕಡೆ ಹರಡಿ ಸಿಂಕಿನ ಪೈಪ್ ತನಕ ಹೋಗಿ ಕೂರುತ್ತದೆ. ಒಂದು ಮುಷ್ಟಿ ಅಕ್ಕಿ ತೌಡು ಅಥವಾ ಹಳೆಯ ಕಡಲೆಹಿಟ್ಟು ಹಾಕಿ, ಒಣ ಬಟ್ಟೆಯಲ್ಲಿ ಒಳಗೆಲ್ಲ ಆಡಿಸಿ ತೆಗೆಯಿರಿ. ಎಣ್ಣೆ ಮುಕ್ಕಾಲು ಪಾಲು ಅದರಲ್ಲೇ ಬರುತ್ತದೆ. ಆಮೇಲೆ ಬಿಸಿ ನೀರು, ಸೋಪು. ಕುತ್ತಿಗೆಯ ಸುರುಳಿಯಲ್ಲಿ ಹಳದಿ ಗೋಂದಿನ ಹಾಗೆ ಗಟ್ಟಿ ಹಿಡಿದದ್ದು ಗಾಳಿಗೆ ಒಣಗಿದ ಎಣ್ಣೆ. ಅದಕ್ಕೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ 15 ನಿಮಿಷ ಬಿಟ್ಟು ಬ್ರಷ್ ಹಾಕಿ.

ಇಷ್ಟಾದರೂ ಗಾಜಿನ ಒಳಗೆ ಕಂದು ಬಣ್ಣದ ಚುಕ್ಕೆಗಳು ವಾರ್ನಿಷ್ ಹಚ್ಚಿದ ಹಾಗೆ ಉಳಿದಿವೆಯಾ? ಅಪ್ಪೆಮಿಡಿ ಆದರೆ ಅದು ಸೊನೆ. ಆ ಪರಿಮಳಕ್ಕಾಗಿಯೇ ನಾವು ತೊಟ್ಟು ಮುರಿಯದೆ ಮಿಡಿ ಕೊಯ್ಯುತ್ತೇವೆ, ಗಾಜಿಗೆ ಹಿಡಿಯುವುದೂ ಅದೇ. ಸೊನೆಗೆ ನೀರು ತಾಗುವುದಿಲ್ಲ, ಎಣ್ಣೆ ತಾಗುತ್ತದೆ. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಹಲಸಿನ ಮೇಣಕ್ಕೂ ಹೀಗೇ. ಹಲಸಿನಕಾಯಿ ಕೊಯ್ಯುವ ಮೊದಲು ಕೈಗೆ, ಕತ್ತಿಗೆ ಎಣ್ಣೆ ಸವರುವುದು ಎಲ್ಲರಿಗೂ ಗೊತ್ತು, ಆದರೆ ಅದೇ ಮೇಣ ಜಾರ್‌ಗೆ ಹತ್ತಿದಾಗ ಮಾತ್ರ ಬಿಸಿ ನೀರು ಸುರಿದು ಇನ್ನಷ್ಟು ಎಳೆ ಎಳೆಯಾಗಿ ಹರಡಿಸಿಬಿಡುತ್ತೇವೆ. ಕತ್ತಿಗೆ ಹಾಕುವ ಸೀಮೆಎಣ್ಣೆ ತಿನ್ನುವ ಜಾರ್‌ಗೆ ಬೇಡವೇ ಬೇಡ. ವಾಸನೆ ಮುಚ್ಚಳದ ರಬ್ಬರ್‌ಗೆ ಹಿಡಿದರೆ ಬಿಡುವುದಿಲ್ಲ, ಒಲೆ ಹತ್ತಿರ ಬೆಂಕಿಯ ಭಯವೂ ಇದೆ.

ಬಾಯಿ ಸಣ್ಣದಿರುವ ಶರಬತ್ ಬಾಟ್ಲಿಗೆ ಒಂದು ಹಿಡಿ ಅಕ್ಕಿ, ಬೆಚ್ಚಗಿನ ಸೋಪು ನೀರು ಹಾಕಿ ಅಲ್ಲಾಡಿಸಿ. ಮರಳು ಹಾಕಬೇಡಿ, ಗೀರು ಬೀಳುತ್ತದೆ.

ತೊಳೆದ ನೀರು ನೀಲಿ, ಮುಚ್ಚಳ ಕೆಂಪು

ಹೆದರಬೇಡಿ, ಏನೂ ಹಾಳಾಗಿಲ್ಲ. ಮುರುಗಲು ಜಾರ್‌ಗೆ ಅಡುಗೆ ಸೋಡಾ ಹಾಕಿದರೆ ಕೆಂಪು ನೀರು ನೀಲಿ, ಕಪ್ಪು ಹಸಿರು ಹೀಗೆ ತಿರುಗುತ್ತದೆ. ಆ ಹಣ್ಣಿನ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಅರಿಶಿನ ಹಿಡಿದ ಬಿಳಿ ಮುಚ್ಚಳಕ್ಕೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇಂಥದ್ದೇ, ಓಕುಳಿ ನೀರಿಗೆ ಅರಿಶಿನಕ್ಕೆ ಸುಣ್ಣ ಸೇರಿಸುತ್ತೇವಲ್ಲ, ಹಾಗೆ. ಸ್ವಲ್ಪ ಲಿಂಬು ಸವರಿದರೆ ಮತ್ತೆ ಹಳದಿ ಆಗುತ್ತದೆ. ಆ ಹಳದಿ ಕಲೆಗೆ ಮದ್ದು ಬಿಸಿಲು. ಒದ್ದೆ ಮುಚ್ಚಳವನ್ನು ಎರಡು ಮೂರು ದಿನ ಬಿಸಿಲಿಗೆ ಇಟ್ಟರೆ ಕಲೆ ತಾನಾಗಿ ಮಾಸುತ್ತದೆ. ತಿಕ್ಕಿದರೆ ಹೋಗುವುದಿಲ್ಲ.

ಎಷ್ಟು ತೊಳೆದರೂ ವಾಸನೆ

ಕಾರವಾರದಿಂದ ಗೆಳತಿ ಫೋನ್ ಮಾಡಿದ್ದಳು. "ಮಾರಾಯ್ತಿ, ಮೂರು ಸಲ ತೊಳೆದೆ, ಸಿಗಡಿ ಉಪ್ಪಿನಕಾಯಿ ವಾಸನೆ ಹೋಗ್ತಾನೇ ಇಲ್ಲ. ಇದರಲ್ಲಿ ಇನ್ನು ಜಾಮ್ ಹೇಗೆ ಹಾಕೋದು?" ನಾನು ಕೇಳಿದ್ದು ಒಂದೇ ಪ್ರಶ್ನೆ, ಮುಚ್ಚಳ ಹಾಕಿ ಇಟ್ಟಿದ್ದೀಯಾ ಅಂತ. ಹೌದು ಅಂದಳು.

ಗಾಜು ವಾಸನೆ ಹೀರುವುದಿಲ್ಲ. ಹೀರುವುದು ಮುಚ್ಚಳದ ಒಳಗಿನ ಮೆತ್ತನೆ ಪಟ್ಟಿ. ಗೊತ್ತಾಗಬೇಕಾದರೆ ಜಾರ್ ಮತ್ತು ಮುಚ್ಚಳವನ್ನು ಬೇರೆ ಬೇರೆ ಕೋಣೆಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಒಂದೊಂದನ್ನೇ ಮೂಸಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಜಾರ್ ಸ್ವಚ್ಛವೇ ಇರುತ್ತದೆ. ಜಾರೇ ನಾರುತ್ತಿದ್ದರೆ ಎಲ್ಲೋ ಎಣ್ಣೆ ಉಳಿದಿದೆ, ಸುರುಳಿ ಮತ್ತು ತಳದ ಮೂಲೆ ನೋಡಿ. ಮುಚ್ಚಳ ನಾರುತ್ತಿದ್ದರೆ ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ರಾತ್ರಿ ನೆನೆಸಿ, ಎರಡು ದಿನ ಬಿಸಿಲಿಗೆ ಇಡಿ. ಆಗಲೂ ಹೋಗದಿದ್ದರೆ ಹೊಸ ಮುಚ್ಚಳ ತನ್ನಿ. ಇಂಗು, ಬೆಳ್ಳುಳ್ಳಿ, ಮೀನು ಇವುಗಳ ಮುಚ್ಚಳವನ್ನು ನಾನು ಬೇರೆಯೇ ಡಬ್ಬಿಯಲ್ಲಿ ಇಡಲು ಹೇಳುತ್ತೇನೆ. ಗೆಳತಿ ಮುಚ್ಚಳ ಬದಲಿಸಿದಳು. ಜಾರ್ ಹಳೆಯದೇ.

ಪಟ್ಟಿಯ ಮೇಲೆ ಗಾಜಿನ ಬಾಯಿಯ ಗುರುತು ಆಳವಾಗಿ ಕೂತಿದ್ದರೆ, ಅಥವಾ ಪಟ್ಟಿ ಸೀಳಿದ್ದರೆ, ವಾಸನೆ ಇಲ್ಲದಿದ್ದರೂ ಆ ಮುಚ್ಚಳ ಇನ್ನು ಸರಿಯಾಗಿ ಹಿಡಿಯುವುದಿಲ್ಲ.

ಮುಚ್ಚಳಕ್ಕೆ ತುಕ್ಕು

ಒಳಗಡೆ ತುಕ್ಕು ಕಂಡರೆ ಬಿಸಾಡಿ, ಎರಡನೇ ಯೋಚನೆ ಬೇಡ. ಮುಚ್ಚಳದ ಒಳಗೆ ತೆಳ್ಳಗಿನ ಬಣ್ಣದ ಲೇಪ ಇರುತ್ತದೆ. ಚಮಚ ತಾಗಿಯೋ ಸ್ಕ್ರಬ್ ಹಾಕಿಯೋ ಅದು ಗೀರಿದರೆ ಉಪ್ಪು, ಹುಳಿ ಎರಡೂ ತಗಡನ್ನು ತಿನ್ನುತ್ತವೆ. ತುಕ್ಕು ಕೆರೆದು ತೆಗೆದರೆ ಇನ್ನೂ ಬೇಗ ಹಿಡಿಯುತ್ತದೆ. ಹೊರಗಿನ ಸಣ್ಣ ಚುಕ್ಕೆ ಆದರೆ ಒಣ ಸಾಮಾನಿಗೆ ಬಳಸಬಹುದು. ಕಾರವಾರ, ಕುಮಟಾ, ಹೊನ್ನಾವರದ ಉಪ್ಪು ಗಾಳಿಗೆ ಹೊಸ ಮುಚ್ಚಳವೂ ಬೇಗ ತುಕ್ಕು ಹಿಡಿಯುತ್ತದೆ, ತೊಳೆದ ತಕ್ಷಣ ಒರೆಸಿ ಒಣ ಡಬ್ಬಿಗೆ ಹಾಕಿಡಿ.

ತೊಳೆದಿಟ್ಟ ಜಾರ್ ಒಳಗೆ ಮಂಜು, ಬೂಸ್ಟು

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಜಾರ್ ಒಣಗುತ್ತದಾ? ಕಣ್ಣಿಗೆ ಒಣಗಿದ ಹಾಗೆ ಕಂಡರೂ ತಳದಲ್ಲಿ ತೇವ ಇರುತ್ತದೆ. ಮುಚ್ಚಳ ಬಿಗಿ ಮಾಡಿದರೆ ಮಾರನೇ ದಿನ ಒಳಗೆ ಮಂಜು, ಹದಿನೈದು ದಿನಕ್ಕೆ ಬೂಸ್ಟು. ತೊಳೆದ ಜಾರನ್ನು ಅರ್ಧ ತಾಸು ಬೋರಲು ಹಾಕಿ ನೀರು ಇಳಿಸಿ, ಆಮೇಲೆ ನೆಟ್ಟಗೆ ಅಥವಾ ಓರೆಯಾಗಿ ಇಟ್ಟು ಗಾಳಿ ಆಡಲು ಬಿಡಿ. ಬಟ್ಟೆಯ ಮೇಲೆ ಬೋರಲಾಗಿಯೇ ಬಿಟ್ಟರೆ ಒಳಗಿನ ಆವಿ ಒಳಗೇ ಉಳಿಯುತ್ತದೆ. ಕಟ್ಟಿಗೆ ಒಲೆ ಇರುವ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ನಮ್ಮನೆ ಆಯಿ ಮಳೆಗಾಲದಲ್ಲಿ ಜಾರ್ ಮತ್ತು ಮುಚ್ಚಳ ಯಾವತ್ತೂ ಸೇರಿಸಿ ಇಟ್ಟವರಲ್ಲ. ಜಾರ್ ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ, ಮುಚ್ಚಳ ಪಕ್ಕದಲ್ಲಿ.

ಬೂಸ್ಟು ಬಂದೇ ಬಿಟ್ಟಿದ್ದರೆ ಒಣಗಿದ್ದನ್ನು ಉದುರಿಸಬೇಡಿ, ಪುಡಿ ಗಾಳಿಗೆ ಹಾರಿ ಮೂಗಿಗೆ ಹೋಗುತ್ತದೆ. ಉಬ್ಬಸ ಇರುವವರು ದೂರ ಇರಿ. ಮೊದಲು ಸೋಪು ನೀರು ತುಂಬಿ ನೆನೆಸಿ, ತೊಳೆದು, ಆಮೇಲೆ ನೀರಿನಲ್ಲಿ ಮುಳುಗಿಸಿ ಕುದಿಸಿ. ಸಮುದ್ರ ಮಟ್ಟದ ಕಾರವಾರದಲ್ಲಿ ಕುದಿ ಬಂದ ಮೇಲೆ 10 ನಿಮಿಷ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 100 ಡಿಗ್ರಿಗೆ ಮೊದಲೇ, 98ರ ಹತ್ತಿರ ಕುದಿಯುತ್ತದೆ. ಪ್ರತಿ 300 ಮೀಟರಿಗೆ ಒಂದು ನಿಮಿಷ ಜಾಸ್ತಿ ಬೇಕು, ಹಾಗಾಗಿ 12 ನಿಮಿಷ ಇಡಿ.

ಜಾಮ್ ತುಂಬಿದ ಜಾರ್‌ನಲ್ಲೇ ಬೂಸ್ಟು ಕಂಡರೆ ಮೇಲಿನದ್ದನ್ನು ಚಮಚದಲ್ಲಿ ತೆಗೆದು ಉಳಿದದ್ದನ್ನು ತಿನ್ನುವ ಅಭ್ಯಾಸ ಬಿಡಿ. ಬೂಸ್ಟು ಕಾಣದಷ್ಟು ಆಳಕ್ಕೆ ಇಳಿದಿರುತ್ತದೆ. ಅದು ಹುಳಿಯನ್ನು ಕಡಿಮೆ ಮಾಡುತ್ತದೆ, ಹುಳಿ ಹೋದರೆ ಬೇರೆ ಕ್ರಿಮಿಗಳಿಗೆ ದಾರಿ ಆಯಿತು.

ತೊಳೆಯುವಾಗ, ಕುದಿಸುವಾಗ ಟಿಕ್ ಅಂತ ಸದ್ದು

ನಿಲ್ಲಿಸಿ. ಅದು ಬಿರುಕಿನ ಸದ್ದು. ಒಲೆ ಆರಿಸಿ, ನೀರು ಪೂರ್ತಿ ತಣಿಯಲು ಬಿಡಿ, ನೀರಿನೊಳಗೆ ಕೈ ಹಾಕಬೇಡಿ. ನೀರಿನಲ್ಲಿ ಗಾಜಿನ ಚೂರು ಕಾಣುವುದೇ ಇಲ್ಲ. ಒಡೆದ ಜಾರ್‌ನಲ್ಲಿದ್ದದ್ದು ಎಷ್ಟೇ ಬೆಲೆಯದ್ದಾಗಲಿ, ಸೋಸಿ ಉಳಿಸಲು ನೋಡಬೇಡಿ.

ಮುಂದಿನ ಸಲಕ್ಕೆ ಮೂರು ಪರೀಕ್ಷೆ, ಕಾಸು ಖರ್ಚಿಲ್ಲ. ಒಂದು ತುಣುಕು ಹತ್ತಿಯನ್ನು ಜಾರ್‌ನ ಬಾಯಿಯ ಸುತ್ತ ಆಡಿಸಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಚಕ್ಕೆ ಎದ್ದಿದೆ, ಮುಚ್ಚಳ ಹಿಡಿಯುವುದಿಲ್ಲ. ಬೆಳಕಿಗೆ ಹಿಡಿದು ತಳದ ಅಂಚನ್ನು ತಿರುಗಿಸಿ ನೋಡಿ, ಬಿರುಕು ಬೆಳ್ಳಿ ಕೂದಲಿನ ಹಾಗೆ ಮಿನುಗುತ್ತದೆ. ಖಾಲಿ ಜಾರನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಒಳ್ಳೆಯದು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಇದ್ದದ್ದು ಮಡಕೆಯ ಹಾಗೆ ಮಂಕಾಗಿ. ಕುದಿಸುವಾಗ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಜಾರನ್ನು ಬೆಚ್ಚಗಿನ ನೀರಿನಲ್ಲಿಟ್ಟು ಅದರ ಜೊತೆಗೇ ಬಿಸಿ ಏರಿಸಿ. ಒಡೆದದ್ದನ್ನು ಪೇಪರಿನಲ್ಲಿ ದಪ್ಪಗೆ ಸುತ್ತಿ, ಮೇಲೆ ಗಾಜು ಅಂತ ಬರೆದು ಕಸಕ್ಕೆ ಕೊಡಿ. ಎತ್ತಿ ಒಯ್ಯುವವರ ಕೈ ಕೊಯ್ಯಬಾರದು.

ಮುಚ್ಚಳ ಉಬ್ಬಿದೆ, ತೆರೆದಾಗ ಚಿಮ್ಮಿತು

ಇದನ್ನು ತೊಳೆಯಬೇಡಿ. ರುಚಿ ನೋಡಬೇಡಿ, ನಾಲಗೆ ತುದಿಗೂ ಬೇಡ.

ಹುಳಿ ಕಡಿಮೆ ಇರುವ ಪದಾರ್ಥ, ಅಂದರೆ ಕಳಲೆ (ಎಳೆ ಬಿದಿರು), ತರಕಾರಿ, ಸಿಗಡಿ, ಮೀನು ಇವನ್ನು ಗಾಳಿ ಆಡದ ಜಾರ್‌ನಲ್ಲಿ ಇಟ್ಟಾಗ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ಹುಳಿ ಚೆನ್ನಾಗಿದ್ದರೆ, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 4.6ಕ್ಕಿಂತ ಕೆಳಗಿದ್ದರೆ, ಅದು ಬೆಳೆಯುವುದಿಲ್ಲ. ಅದರ ಬೀಜಾಣು ಬರೀ ಕುದಿಯುವ ನೀರಿಗೆ ಸಾಯುವುದಿಲ್ಲ, ಪ್ರೆಷರ್‌ನಲ್ಲಿ ಬರುವ ಜಾಸ್ತಿ ಶಾಖ ಬೇಕು. 2006ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ನಾನ್ ಪ್ರಾಂತದಲ್ಲಿ ಮನೆಯಲ್ಲಿ ಡಬ್ಬಿಗೆ ತುಂಬಿದ ಕಳಲೆ ತಿಂದು 209 ಜನ ಈ ವಿಷಕ್ಕೆ ಸಿಕ್ಕಿದ್ದರು. ಮಳೆಗಾಲ ಬಂದರೆ ಕಳಲೆ ಪಲ್ಯ ಮಾಡದ ಮನೆ ನಮ್ಮಲ್ಲಿ ಯಾವುದಿದೆ? ಕಳಲೆಯನ್ನು ಆಯಾ ದಿನಕ್ಕೆ ನೆನೆಸಿ ಬೇಯಿಸಿ ತಿನ್ನಿ, ಜಾರ್‌ಗೆ ಹಾಕಿ ಬಿಗಿ ಮಾಡಿ ತಿಂಗಳುಗಟ್ಟಲೆ ಇಡಬೇಡಿ. ಈ ವಿಷಕ್ಕೆ ಎಷ್ಟೋ ಸಲ ವಾಸನೆ, ಬಣ್ಣ ಯಾವುದೂ ಇರುವುದಿಲ್ಲ.

ಉಬ್ಬಿದ ಜಾರ್ ಇನ್ನೂ ಮುಚ್ಚಿಕೊಂಡೇ ಇದ್ದರೆ ತೆರೆಯದೆ, ದಪ್ಪ ಚೀಲದಲ್ಲಿ ಕಟ್ಟಿ, ಮಕ್ಕಳಿಗೆ, ನಾಯಿ ಬೆಕ್ಕಿಗೆ ಸಿಗದ ಹಾಗೆ ಕಸಕ್ಕೆ ಹಾಕಿ. ತೋಟದ ಗೊಬ್ಬರ ಗುಂಡಿಗೆ ಎಸೆಯಬೇಡಿ, ದನಕರುಗಳಿಗೂ ಈ ವಿಷ ತಾಗುತ್ತದೆ. ಸೋರುತ್ತಿದ್ದರೆ ಅಥವಾ ತೆರೆದುಬಿಟ್ಟಿದ್ದರೆ ಕೈಗವಸು ಹಾಕಿ, ಜಾರ್, ಮುಚ್ಚಳ, ಒಳಗಿದ್ದದ್ದು ಎಲ್ಲವನ್ನೂ ಚೆಲ್ಲದ ಹಾಗೆ ದೊಡ್ಡ ಪಾತ್ರೆಯಲ್ಲಿ ಅಡ್ಡ ಮಲಗಿಸಿ. ಜಾರ್ ಮುಳುಗಿ ಮೇಲೆ ಒಂದು ಇಂಚು ನಿಲ್ಲುವಷ್ಟು ನೀರು ನಿಧಾನ ಹಾಕಿ, ಮುಚ್ಚಿ, 30 ನಿಮಿಷ ಕುದಿಸಿ, ತಣಿದ ಮೇಲೆ ಜಾರ್ ಸಮೇತ ಬಿಸಾಡಿ. ಚೆಲ್ಲಿದ ಕಟ್ಟೆಗೆ ಒಂದು ಪಾಲು ಪರಿಮಳ ಇಲ್ಲದ ದ್ರವ ಬ್ಲೀಚ್, ಐದು ಪಾಲು ನೀರು ಸೇರಿಸಿ ಸುರಿದು 30 ನಿಮಿಷ ಬಿಟ್ಟು ಕಾಗದದಲ್ಲಿ ಒರೆಸಿ. ಆ ಕಾಗದ, ಸ್ಪಂಜು, ಕೈಗವಸು ಕೂಡ ಚೀಲಕ್ಕೆ ಹೋಗಲಿ.

ಯಾರಾದರೂ ಅದನ್ನು ಆಗಲೇ ತಿಂದಿದ್ದಾರಾ ಕೇಳಿ. ಕಣ್ಣು ಮಂಜು, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಆಗದಿರುವುದು, ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಹೆಚ್ಚಾಗಿ 12ರಿಂದ 36 ತಾಸಿನೊಳಗೆ ಶುರುವಾಗುತ್ತದೆ, ಕೆಲವರಿಗೆ ದಿನಗಳೇ ಬೇಕು. ಏನು ತಿಂದರು, ಯಾವಾಗ ತಿಂದರು, ಮನೆಯಲ್ಲೇ ಜಾರ್‌ಗೆ ತುಂಬಿದ್ದು ಎನ್ನುವುದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಯಾರಿಗಾದರೂ ಲಕ್ಷಣ ಕಂಡಿದ್ದರೆ ಉಳಿದ ಪದಾರ್ಥವನ್ನು ಕುದಿಸಲು, ಬಿಸಾಡಲು ಹೋಗಬೇಡಿ. ಚೀಲದಲ್ಲಿ ಭದ್ರವಾಗಿ ಕಟ್ಟಿ ಬೇರೆ ಇಡಿ, ಪರೀಕ್ಷೆಗೆ ಬೇಕಾಗಬಹುದು.